ಅಭ್ಯಂಜನ: ಊರಿನ ಬಚ್ಚಲಿನಿಂದ ಪುಣೆಯ ಸ್ನಾನಗೃಹಕ್ಕೆ

ದೀಪಾವಳಿಯು ಬೆಳಕಿನ ಹಬ್ಬವಾದರೂ ಕನ್ನಡಿಗರ ಮನೆಗಳಲ್ಲಿ ಅದು ಮೊದಲಾಗುವುದು ನೀರಿನಿಂದ. ಆಶ್ವಯುಜ ಬಹುಳ ತ್ರಯೋದಶಿಯ ಸಂಜೆ ಹಂಡೆಯನ್ನು ತೊಳೆದು, ಪೂಜಿಸಿ, ನೀರು ತುಂಬುವುದು. ಮರುದಿನ ನರಕ ಚತುರ್ದಶಿಯಂದು ಸೂರ್ಯೋದಯಕ್ಕೆ ಮುನ್ನ ಎಣ್ಣೆ ಹಚ್ಚಿಕೊಂಡು ಮೀಯುವುದು ನಮ್ಮ ಸಂಪ್ರದಾಯ. ಪುಣೆಯ ಮರಾಠಿ ಮನೆಗಳಲ್ಲಿಯೂ ಅದೇ ಮುಂಜಾವಿನಲ್ಲಿ ಸುಗಂಧದ ಉಟಣೆಯನ್ನು ಪೂಸಿಕೊಂಡು ಅಭ್ಯಂಗಸ್ನಾನ ಮಾಡುವರು.

ರಜೆ ದೊರೆತವರು ಮಿರಜ ಮಾರ್ಗವಾಗಿ ಬೆಳಗಾವಿ, ಧಾರವಾಡಗಳಿಗೆ ತೆರಳಿ, ಹಂಡೆಯ ಪೂಜೆಯನ್ನೂ ಬಲಿಪಾಡ್ಯಮಿಯಂದು ಸೆಗಣಿಯಿಂದ ಮಾಡಿ ಪೂಜಿಸುವ ಹಟ್ಟಿಲಕ್ಕವ್ವನನ್ನೂ ಮಕ್ಕಳಿಗೆ ತೋರಿಸುವುದು ಉಚಿತ. ಇಲ್ಲಿಯೇ ಉಳಿಯುವವರು ಒಂದು ವ್ಯತ್ಯಾಸವನ್ನು ಅರಿಯಬೇಕು. ಊರಿನ ಬಚ್ಚಲಲ್ಲಿ ಒಲೆಯ ಹೊಗೆ ಕಣ್ಣಿಗೆ ಕಾಣುತ್ತಿತ್ತು. ಹೊರಹೋಗಲು ಗವಾಕ್ಷಿಯೂ ಇರುತ್ತಿತ್ತು. ನಗರದ ಕಿರಿದಾದ ಸ್ನಾನಗೃಹದಲ್ಲಿ ಗ್ಯಾಸ್ ಗೀಸರ್ ಉರಿಯುವಾಗ ಗಾಳಿ ಸಾಲದಿದ್ದರೆ, ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಅನಿಲವು ಹುಟ್ಟುತ್ತದೆ. ಅದು ರಕ್ತದ ಹಿಮೋಗ್ಲೋಬಿನ್ನನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಹಿಡಿದುಕೊಳ್ಳುತ್ತದೆ. ಒಬ್ಬರ ಹಿಂದೊಬ್ಬರು ಬಾಗಿಲು ಮುಚ್ಚಿ ಮೀಯುವ ಹಬ್ಬದ ದಿನ ಅಪಾಯವು ಅಧಿಕ. ತಲೆನೋವು, ತಲೆಸುತ್ತು, ವಾಕರಿಕೆ ಇದರ ಲಕ್ಷಣಗಳು. ಎಣ್ಣೆಸ್ನಾನದ ಆಯಾಸವೆಂದು ಇವನ್ನು ಕಡೆಗಣಿಸಬಾರದು.

ಗೀಸರನ್ನು ಸ್ನಾನಗೃಹದ ಹೊರಗೆ ಜೋಡಿಸುವುದು ಶ್ರೇಯಸ್ಕರ. ಅದಾಗದಿದ್ದರೆ ಬಾಗಿಲು, ಕಿಟಕಿಗಳನ್ನು ತೆರೆದಿಟ್ಟು ಬಕೆಟ್ಟಿಗೆ ನೀರು ತುಂಬಿ, ಗೀಸರ್ ಆರಿಸಿ, ಗಾಳಿಯಾಡಿದ ಬಳಿಕವೇ ಮೀಯಬೇಕು. ಯಾರಾದರೂ ಕುಸಿದರೆ ಗ್ಯಾಸ್ ಆರಿಸಿ, ಕೂಡಲೇ ಅವರನ್ನು ಹೊರಗಾಳಿಗೆ ತಂದು 108ಕ್ಕೆ ಕರೆಮಾಡಿರಿ. ಹಂಡೆ ಹೋಗಿ ಗೀಸರ್ ಬಂದರೂ, ಮೊದಲು ನೀರು ತುಂಬಿಟ್ಟು ಆಮೇಲೆ ಮೀಯುವ ಹಿರಿಯರ ಪದ್ಧತಿಯೇ ಕ್ಷೇಮಕರ.