ಹಡಗಿನ ಔತಣ ಮತ್ತು ನಮ್ಮ ಉಡುಪು

ವಿಹಾರದ ಹಡಗುಗಳಲ್ಲಿ ಪ್ರವಾಸ ಹೋಗುವುದು ನಮ್ಮ ಕುಟುಂಬಗಳಿಗೆ ಬಹುಕಾಲ ಬರೀ ಕೇಳಿ ಗೊತ್ತಿದ್ದ ಸಂಗತಿಯಾಗಿತ್ತು. ಈಗ ಹಾಗಿಲ್ಲ. ಗಲ್ಫಿನಲ್ಲಿ ದುಡಿಯುವ ಮಗ ತಂದೆ ತಾಯಿಯನ್ನು ಕರೆಸಿಕೊಂಡು ನಾಲ್ಕು ದಿನ ಸಮುದ್ರ ತೋರಿಸಬೇಕೆಂದು ಬಯಸುತ್ತಾನೆ. ಇಂಗ್ಲೆಂಡಿನಲ್ಲಿ ನೆಲೆಸಿದ ಮಗಳು ಅಲ್ಲಿಂದ ಟಿಕೆಟ್ ಕಾದಿರಿಸುತ್ತಾಳೆ. ಟಿಕೆಟಿನ ಜೊತೆಯಲ್ಲೇ ಒಂದು ಸೂಚನೆ ಬರುತ್ತದೆ: ಇಂತಿಂಥ ರಾತ್ರಿ ಔಪಚಾರಿಕ ಔತಣವಿದೆ, ಗಂಡಸರು ಹೀಗೆ, ಹೆಂಗಸರು ಹೀಗೆ ಉಡುಪು ಧರಿಸತಕ್ಕದ್ದು. ಅದನ್ನು ಓದಿದ ತಾಯಿ ತನ್ನ ಬುರ್ಖಾವನ್ನು ನೋಡಿಕೊಳ್ಳುತ್ತಾಳೆ. ತಂದೆ, "ನಾನು ಕೋಣೆಯಲ್ಲೇ ಇರುತ್ತೇನೆ, ನೀವು ಹೋಗಿ ಬನ್ನಿ" ಎನ್ನುತ್ತಾರೆ. ಹರೆಯದ ಮೊಮ್ಮಗನಿಗೋ ಅಂದು ಎಲ್ಲರಂತೆ ಕಾಣಿಸಿಕೊಳ್ಳಬೇಕೆಂಬ ಆಸೆ. ಇಂತಹ ಸಂದರ್ಭ ನಿಮ್ಮ ಮನೆಗೂ ಬರಬಹುದು. ಆಗ ಏನು ಮಾಡುವಿರಿ?

ಮೊದಲು ಈ ಔಪಚಾರಿಕ ರಾತ್ರಿ ಎಂದರೇನೆಂದು ತಿಳಿದುಕೊಳ್ಳೋಣ. ಹಡಗು ಯಾವ ಬಂದರಿಗೂ ತಾಗದೆ ಸಮುದ್ರದಲ್ಲೇ ಸಾಗುವ ದಿನ ಸಾಮಾನ್ಯವಾಗಿ ಇದಕ್ಕೆ ಗೊತ್ತಾಗಿರುತ್ತದೆ. ಕಪ್ತಾನರು ಪ್ರಯಾಣಿಕರನ್ನು ಸ್ವಾಗತಿಸುತ್ತಾರೆ, ಛಾಯಾಗ್ರಾಹಕರು ಮೆಟ್ಟಿಲ ಬಳಿ ನಿಂತಿರುತ್ತಾರೆ, ದೊಡ್ಡ ಭೋಜನ ಶಾಲೆಯಲ್ಲಿ ವಿಶೇಷ ಊಟವಿರುತ್ತದೆ. ಈ ಪದ್ಧತಿಯನ್ನು ಇಂದಿಗೂ ಕಟ್ಟುನಿಟ್ಟಾಗಿ ಉಳಿಸಿಕೊಂಡ ಸಂಸ್ಥೆಗಳಲ್ಲಿ ಬ್ರಿಟನ್ನಿನ ಕುನಾರ್ಡ್ ಪ್ರಮುಖವಾದುದು. 2004ರಲ್ಲಿ ಯಾನ ಆರಂಭಿಸಿದ ಅದರ 'ಕ್ವೀನ್ ಮೇರಿ 2' ಹಡಗು ಇಂಗ್ಲೆಂಡಿನ ಸೌತಾಂಪ್ಟನ್‌ನಿಂದ ನ್ಯೂಯಾರ್ಕಿಗೆ ಸಾಮಾನ್ಯವಾಗಿ ಏಳು ರಾತ್ರಿಗಳಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟುತ್ತದೆ. ಅಂತಹ ಯಾನದಲ್ಲಿ ಇಂಥ ರಾತ್ರಿಗಳೂ ಸೇರಿರುತ್ತವೆ. ಸಂಜೆ ಆರು ಗಂಟೆಯ ನಂತರ ಗಂಡಸರು ಕಪ್ಪು ಕೋಟು, ಬೋ ಟೈ ಅಥವಾ ಕಡು ಬಣ್ಣದ ಸೂಟು ಧರಿಸುತ್ತಾರೆ. ಹೆಂಗಸರು ಉದ್ದನೆಯ ಸಂಜೆಯುಡುಪು ತೊಡುತ್ತಾರೆ. ತಂತಮ್ಮ ದೇಶದ ಔಪಚಾರಿಕ ಉಡುಪಿಗೂ ಅಲ್ಲಿ ಅವಕಾಶವಿದೆ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಉಪಯೋಗಕ್ಕೆ ಬರುತ್ತದೆ. ಎಲ್ಲ ಹಡಗುಗಳೂ ಹೀಗಿಲ್ಲ. ನಾರ್ವೇಜಿಯನ್ ಎಂಬ ಸಂಸ್ಥೆಯು 2000ದಲ್ಲೇ ಈ ಕಡ್ಡಾಯವನ್ನು ಸಡಿಲಿಸಿತು.

ಈ ಪದ್ಧತಿ ಬಂದದ್ದು ಬ್ರಿಟಿಷ್ ಶ್ರೀಮಂತರ ಮನೆಗಳಿಂದ. ಸಂಜೆಯ ಊಟಕ್ಕೆ ಬಟ್ಟೆ ಬದಲಾಯಿಸುವುದು ಅಲ್ಲಿ ಕುಲೀನತೆಯ ಗುರುತಾಗಿತ್ತು. ಆ ಮನೆಗಳವರು ಹಡಗು ಹತ್ತಿದಾಗ ರೂಢಿಯೂ ಅವರೊಡನೆ ಹತ್ತಿತು. ಆದರೆ ಹತ್ತಿದ್ದು ಮೊದಲ ದರ್ಜೆಗೆ ಮಾತ್ರ. ಕೆಳ ಅಂತಸ್ತಿನಲ್ಲಿ ಮೂರನೆಯ ದರ್ಜೆಯಲ್ಲಿದ್ದ ವಲಸೆಗಾರರಿಗೆ ಬೇರೆ ಊಟದ ಕೋಣೆ, ಬೇರೆ ಬಟ್ಟೆ, ಬೇರೆ ಬಾಗಿಲು. 1912ರ ಏಪ್ರಿಲ್‌ನಲ್ಲಿ ಮುಳುಗಿದ ಟೈಟಾನಿಕ್ ಹಡಗಿನಲ್ಲೂ ಹೀಗೆಯೇ ಇತ್ತು. ಅದರಲ್ಲಿದ್ದ ಅಮೆರಿಕದ ಆಗರ್ಭ ಶ್ರೀಮಂತ ಬೆಂಜಮಿನ್ ಗುಗೆನ್‌ಹೈಮ್, ಹಡಗು ಉಳಿಯದೆಂದು ಖಚಿತವಾದಾಗ ತೇಲುಕವಚವನ್ನು ಕಳಚಿ, ತನ್ನ ಸೇವಕನೊಂದಿಗೆ ಸಂಜೆಯ ಔತಣದ ಉಡುಪು ಧರಿಸಿ, ಸಭ್ಯರಂತೆ ಸಾಯಲು ಸಿದ್ಧರಾಗಿದ್ದೇವೆಂದು ಹೇಳಿ ಕಳುಹಿಸಿದನೆಂದು ಬದುಕುಳಿದ ಹಡಗಿನ ನೌಕರನೊಬ್ಬನು ತಿಳಿಸಿದ್ದಾನೆ. ಆತನ ಧೈರ್ಯವನ್ನು ಯಾರೂ ಹೀಗಳೆಯಬೇಕಾಗಿಲ್ಲ. ಆದರೆ ಮರಣದ ಎದುರಿನಲ್ಲಿ ನಿಂತಾಗ ಮನುಷ್ಯ ಯಾವ ಬಟ್ಟೆಗೆ ಕೈ ಚಾಚುತ್ತಾನೆಂಬುದನ್ನು ಸ್ವಲ್ಪ ಯೋಚಿಸಿ ನೋಡಿ.

ನಮ್ಮ ಹಿರಿಯರೂ ಹಡಗು ಹತ್ತಿದವರೇ. ಬೊಂಬಾಯಿಯಿಂದ ಜಿದ್ದಾಕ್ಕೆ ಹಾಜಿಗಳನ್ನು ಒಯ್ಯುತ್ತಿದ್ದ ಮೊಗಲ್ ಲೈನ್‌ನ 'ಮುಹಮ್ಮದಿ', 'ಮುಝಫ್ಫರಿ', 'ಅಕ್ಬರ್' ಮುಂತಾದ ಹಡಗುಗಳ ಹೆಸರುಗಳನ್ನು ನಿಮ್ಮ ಮನೆಯ ಅಜ್ಜ ಅಜ್ಜಿಯರಿಂದ ಕೇಳಿರಬಹುದು. 1995ರಲ್ಲಿ ಆ ಸಮುದ್ರಯಾನ ನಿಂತುಹೋಯಿತು. ಆ ಹಡಗುಗಳಲ್ಲೂ ಒಂದು ಉಡುಪಿನ ನಿಯಮವಿತ್ತು. ಯಲಮ್‌ಲಮ್‌ನ ಮೀಕಾತ್ ಹತ್ತಿರವಾಗುತ್ತಿದ್ದಂತೆ ಎಲ್ಲರೂ ಸ್ನಾನ ಮಾಡಿ, ಗಂಡಸರು ಹೊಲಿಗೆಯಿಲ್ಲದ ಎರಡು ಬಿಳಿ ಬಟ್ಟೆಗಳನ್ನು ಧರಿಸುತ್ತಿದ್ದರು. ಮೇಲಿನ ಕೋಣೆಯ ವ್ಯಾಪಾರಿಯೂ ಕೆಳಗಿನ ಡೆಕ್ಕಿನಲ್ಲಿ ಚಾಪೆ ಹಾಸಿ ಮಲಗಿದ್ದ ಬೀಡಿ ಕಾರ್ಮಿಕನೂ ಆ ಹೊತ್ತಿನಿಂದ ಒಂದೇ ರೀತಿ ಕಾಣುತ್ತಿದ್ದರು. ಆ ಇಹ್ರಾಮಿನ ಬಟ್ಟೆಯನ್ನು ಝಮ್‌ಝಮ್ ನೀರಿನಲ್ಲಿ ಅದ್ದಿ ಒಣಗಿಸಿ, ತಮ್ಮ ಕಫನ್‌ಗೆಂದು ಪೆಟ್ಟಿಗೆಯ ಅಡಿಯಲ್ಲಿಟ್ಟವರು ಎಷ್ಟೋ ಮಂದಿ.

ಇದನ್ನು ಹೇಳಿದ ಮಾತ್ರಕ್ಕೆ ಔತಣಕ್ಕೆ ಒಳ್ಳೆಯ ಬಟ್ಟೆ ತೊಡುವುದೇ ತಪ್ಪೆಂದು ತಿಳಿಯಬಾರದು. ಹಾಗೆ ಹೇಳುವ ಅಧಿಕಾರ ಯಾರಿಗೂ ಇಲ್ಲ. ಉಡುಪು ಮಾನವನ ಮಾನವನ್ನು ಮುಚ್ಚುವುದಕ್ಕೂ ಅಲಂಕಾರಕ್ಕೂ ಅಲ್ಲಾಹನು ಇಳಿಸಿಕೊಟ್ಟ ಅನುಗ್ರಹವೆಂದು ಪವಿತ್ರ ಕುರ್‌ಆನಿನ ಅಲ್ ಅಅ್‌ರಾಫ್ ಅಧ್ಯಾಯವು ಹೇಳುತ್ತದೆ. ಅದಕ್ಕಿಂತ ಶ್ರೇಷ್ಠವಾದುದು ಧರ್ಮನಿಷ್ಠೆಯ ಉಡುಪೆಂದೂ ಅಲ್ಲೇ ನೆನಪಿಸಲಾಗಿದೆ. ಒಬ್ಬ ವ್ಯಕ್ತಿಯು ತನ್ನ ಬಟ್ಟೆ ಚೆನ್ನಾಗಿರಬೇಕು, ಪಾದರಕ್ಷೆ ಚೆನ್ನಾಗಿರಬೇಕೆಂದು ಬಯಸುವುದು ಅಹಂಕಾರವೇ ಎಂದು ಕೇಳಿದಾಗ ಪ್ರವಾದಿವರ್ಯರು(ಸ) ಅಲ್ಲವೆಂದು ತಿಳಿಸಿದರು. ಸತ್ಯವನ್ನು ತಿರಸ್ಕರಿಸುವುದು ಮತ್ತು ಜನರನ್ನು ಕೀಳಾಗಿ ಕಾಣುವುದೇ ಅಹಂಕಾರವೆಂದು ವಿವರಿಸಿದರು. ಇದು ಸಹೀಹ್ ಮುಸ್ಲಿಮ್‌ನಲ್ಲಿದೆ.

ಹ. ಉಮರ್(ರ)ರ ಒಂದು ಘಟನೆ ಇಲ್ಲಿ ಬಹಳ ಪ್ರಸ್ತುತವಾಗಿದೆ. ಮಸೀದಿಯ ಬಾಗಿಲ ಬಳಿ ರೇಶ್ಮೆಯ ಒಂದು ಜೊತೆ ಉಡುಪು ಮಾರಾಟಕ್ಕಿತ್ತು. ಶುಕ್ರವಾರಕ್ಕೂ ನಿಯೋಗಗಳು ಬಂದಾಗ ಧರಿಸುವುದಕ್ಕೂ ಇದನ್ನು ಕೊಂಡುಕೊಳ್ಳಬಾರದೇ ಎಂದು ಅವರು ಪ್ರವಾದಿವರ್ಯರಲ್ಲಿ(ಸ) ಕೇಳಿದರು. ಪ್ರವಾದಿವರ್ಯರು(ಸ) ಅದನ್ನು ನಿರಾಕರಿಸಿದರು. ಮುಂದೆ ಅಂತಹುದೇ ಒಂದು ಉಡುಪು ಹ. ಉಮರ್(ರ)ರ ಕೈಗೆ ಬಂದಾಗ ಅವರು ಅದನ್ನು ಮಕ್ಕಾದಲ್ಲಿದ್ದ, ಇನ್ನೂ ಇಸ್ಲಾಮ್ ಸ್ವೀಕರಿಸದಿದ್ದ ತಮ್ಮ ಸಹೋದರನಿಗೆ ಕೊಟ್ಟರು. ವಿದ್ವಾಂಸರು ಇದರಿಂದ ಎರಡು ವಿಷಯಗಳನ್ನು ಗ್ರಹಿಸಿದ್ದಾರೆ. ವಿಶೇಷ ಸಂದರ್ಭಕ್ಕೆ ವಿಶೇಷ ಉಡುಪು ಎಂಬ ಪದ್ಧತಿಯನ್ನು ಪ್ರವಾದಿವರ್ಯರು(ಸ) ಆಕ್ಷೇಪಿಸಲಿಲ್ಲ. ಆಕ್ಷೇಪವಿದ್ದುದು ರೇಶ್ಮೆಗೆ.

ಇನ್ನು ಪರದೇಶದ ಉಡುಪೆಂಬ ಪ್ರಶ್ನೆ. ತಬೂಕ್ ಯಾತ್ರೆಯಲ್ಲಿ ಪ್ರವಾದಿವರ್ಯರು(ಸ) ಸಿರಿಯಾ ಕಡೆಯ, ಇಕ್ಕಟ್ಟಾದ ತೋಳುಗಳ ಜುಬ್ಬಾ ಧರಿಸಿದ್ದರು. ವುಝೂ ಮಾಡಲು ತೋಳು ಮೇಲೇರದೆ, ಕೈಗಳನ್ನು ಕೆಳಗಿನಿಂದ ಹೊರತೆಗೆಯಬೇಕಾಯಿತೆಂದು ಹ. ಮುಗೀರಾ(ರ) ವರದಿ ಮಾಡಿದ್ದಾರೆ. ಆ ನಾಡು ಆಗ ರೋಮನರ ಆಳ್ವಿಕೆಯಲ್ಲಿತ್ತು. ಆದ್ದರಿಂದ ಕೋಟು ಹೊರಗಿನವರದ್ದೆಂಬ ಕಾರಣಕ್ಕಷ್ಟೇ ನಿಷಿದ್ಧವಾಗದು. ಟೈಯನ್ನು ಶಿಲುಬೆಯ ಗುರುತೆಂದು ಹೇಳುವವರಿದ್ದಾರೆ. ಅದು ಹದಿನೇಳನೆಯ ಶತಮಾನದಲ್ಲಿ ಕ್ರೊಯೇಶ್ಯದ ಸೈನಿಕರ ಕತ್ತಿನ ವಸ್ತ್ರದಿಂದ ಬಂದುದೆಂದು ಉಡುಪಿನ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ಇಲ್ಲದ ಕಾರಣಗಳನ್ನು ಮುಂದಿಟ್ಟು ಮಕ್ಕಳನ್ನು ತಡೆದರೆ, ನಾಳೆ ಇರುವ ಕಾರಣವನ್ನು ಹೇಳಿದಾಗಲೂ ಅವರು ನಂಬಲಾರರು.

ಇರುವ ಕಾರಣಗಳು ಬೇರೆಯೇ ಇವೆ. ಗಂಡಸರ ಔತಣದ ಕೋಟಿನ ಕಾಲರಿನ ಮಡಿಕೆಗೆ ಹೊಳೆಯುವ ಬಟ್ಟೆ ಹೊಲಿದಿರುತ್ತಾರೆ. ಅಗ್ಗದ ಕೋಟುಗಳಲ್ಲಿ ಅದು ಪಾಲಿಯೆಸ್ಟರ್, ದುಬಾರಿ ಕೋಟುಗಳಲ್ಲಿ ನಿಜವಾದ ರೇಶ್ಮೆ. ಗಂಡಸರಿಗೆ ನಾಲ್ಕು ಬೆರಳಗಲದವರೆಗಿನ ರೇಶ್ಮೆಯ ಪಟ್ಟಿಗೆ ಮಾತ್ರ ಹದೀಸ್‌ನಲ್ಲಿ ರಿಯಾಯಿತಿಯಿದೆ. ಅಗಲವಾದ ಮಡಿಕೆ ಅದನ್ನು ಮೀರಬಹುದು. ಇಡೀ ರೇಶ್ಮೆಯ ಬೋ ಟೈಯನ್ನಂತೂ ಪಟ್ಟಿಯೆನ್ನಲಾಗದು. ಕೃತಕ ರೇಶ್ಮೆಗೆ ಈ ನಿಷೇಧವಿಲ್ಲ. ಆದ್ದರಿಂದ ಕೊಳ್ಳುವಾಗಲೂ ಬಾಡಿಗೆಗೆ ತರುವಾಗಲೂ ಒಳಗಿನ ಚೀಟಿಯನ್ನು ಓದಿ. ತೋಳಿನ ಗುಂಡಿ ಮತ್ತು ಉಂಗುರ ಚಿನ್ನದ್ದಾದರೆ ಗಂಡಸರಿಗೆ ಅದು ಹರಾಮ್. ಬೆಳ್ಳಿಯ ಉಂಗುರಕ್ಕೆ ಅಡ್ಡಿಯಿಲ್ಲ.

ಸಹೋದರಿಯರೇ, ನಿಮ್ಮ ವಿಷಯದಲ್ಲಿ ರೇಶ್ಮೆಯೂ ಚಿನ್ನವೂ ಧರ್ಮಸಮ್ಮತವೇ. ಆದರೆ ಅನ್ಯಪುರುಷರ ಎದುರು ಅಲಂಕಾರವನ್ನು ಪ್ರದರ್ಶಿಸಬಾರದೆಂಬ ಅನ್ನೂರ್ ಅಧ್ಯಾಯದ ಆದೇಶವು ಸಮುದ್ರದ ಮಧ್ಯೆ ರದ್ದಾಗುವುದಿಲ್ಲ. ಭುಜ ತೆರೆದಿರಬೇಕೆಂದು ಹಡಗಿನ ಸೂಚನೆಯೂ ಹೇಳುವುದಿಲ್ಲ ಎಂಬುದನ್ನು ಗಮನಿಸಿ. ಉದ್ದನೆಯ, ಸಡಿಲವಾದ, ಮೈ ಮುಚ್ಚುವ ಉಡುಪು ಮತ್ತು ತಲೆವಸ್ತ್ರ ಅಲ್ಲಿನ ಉಡುಪಿಗೆ ಕಡಿಮೆಯಾಗದು. ಸೂಚನೆಯಲ್ಲಿ ಇಲ್ಲದ ನಿರ್ಬಂಧವನ್ನು ನಾವೇ ಕಲ್ಪಿಸಿಕೊಂಡು, ಅದಕ್ಕೆ ಹೆದರಿ ಹಿಜಾಬ್ ಕಳಚುವ ಪ್ರಮಾದವೂ ನಡೆಯುತ್ತದೆ.

ಆದರೆ ನನ್ನ ಅಭಿಪ್ರಾಯದಲ್ಲಿ ಆ ರಾತ್ರಿಯ ನಿಜವಾದ ಪರೀಕ್ಷೆ ಬಟ್ಟೆಯದ್ದಲ್ಲ, ಮೇಜಿನದ್ದು. ಸಭ್ಯ ಉಡುಪನ್ನು ಹೇಗಾದರೂ ಹೊಂದಿಸಿಕೊಳ್ಳಬಹುದು. ಔಪಚಾರಿಕ ರಾತ್ರಿಯೆಂದರೆ ಶಾಂಪೇನ್ ಮತ್ತು ವೈನಿನ ರಾತ್ರಿಯೂ ಹೌದು. ದೊಡ್ಡ ಭೋಜನ ಶಾಲೆಯಲ್ಲಿ ಆರೆಂಟು ಮಂದಿ ಅಪರಿಚಿತರನ್ನು ಒಂದೇ ಮೇಜಿಗೆ ಕೂರಿಸುವುದುಂಟು. ನೀವು ಕುಡಿಯದಿದ್ದರೂ ಬಾಟಲಿ ನಿಮ್ಮ ಮುಂದಿನಿಂದಲೇ ಹಾದುಹೋಗುತ್ತದೆ. ಅಲ್ಲಾಹನಲ್ಲಿಯೂ ಅಂತ್ಯದಿನದಲ್ಲಿಯೂ ವಿಶ್ವಾಸವಿರಿಸಿದವನು ಮದ್ಯ ಹಂಚಲಾಗುವ ಮೇಜಿನಲ್ಲಿ ಕುಳಿತುಕೊಳ್ಳಬಾರದೆಂಬ ಆಶಯದ ಪ್ರವಾದಿವಚನವು ತಿರ್ಮಿದಿಯಲ್ಲಿದೆ. ಕೋಟಿನ ಬಗ್ಗೆ ಗಂಟೆಗಟ್ಟಲೆ ಚರ್ಚಿಸುವ ನಾವು ಈ ವಚನವನ್ನು ಮರೆತುಬಿಡುತ್ತೇವೆ. ಹಡಗಿನಲ್ಲಿ ಮಾತ್ರವಲ್ಲ, ಊರಿನ ಹೋಟೆಲುಗಳಲ್ಲಿ ನಡೆಯುವ ಕಂಪೆನಿ ಔತಣಗಳಲ್ಲೂ ನಮ್ಮ ಯುವಕರು ಹಣ್ಣಿನ ರಸದ ಲೋಟ ಹಿಡಿದು ಅದೇ ಮೇಜಿನಲ್ಲಿ ಕೂರುತ್ತಾರೆ.

ನಮಾಝಿನ ಸಮಯವನ್ನೂ ಮೊದಲೇ ನೋಡಿಕೊಳ್ಳಿ. ಊಟದ ಸರದಿ ಮಗ್ರಿಬ್ ಹೊತ್ತಿಗೇ ಬೀಳಬಹುದು. ಪಶ್ಚಿಮಕ್ಕೆ ಸಾಗುವ ಹಡಗಿನಲ್ಲಿ ಗಡಿಯಾರವನ್ನು ಕೆಲವು ರಾತ್ರಿ ಒಂದೊಂದು ಗಂಟೆ ಹಿಂದಕ್ಕೆ ತಿರುಗಿಸುವುದರಿಂದ ನಿನ್ನೆಯ ವೇಳಾಪಟ್ಟಿ ಇಂದು ಹೊಂದದು. ಪ್ರಯಾಣದಲ್ಲಿ ಎರಡು ನಮಾಝ್‌ಗಳನ್ನು ಒಟ್ಟುಗೂಡಿಸುವ ವಿಷಯದಲ್ಲಿ ಕರಾವಳಿಯ ಶಾಫಿಗಳಿಗೂ ಘಟ್ಟದ ಮೇಲಿನ ಹನಫಿಗಳಿಗೂ ವ್ಯತ್ಯಾಸವಿದೆ. ಹೊರಡುವ ಮೊದಲೇ ನಿಮ್ಮ ಮಸೀದಿಯ ಇಮಾಮರಲ್ಲಿ ಕೇಳಿಕೊಳ್ಳಿ. ಮಗ್ರಿಬ್ ಮಾತ್ರ ಪ್ರಯಾಣದಲ್ಲೂ ಮೂರೇ ರಕಅತ್.

ಈಗ ಆ ಸೂಚನೆಯನ್ನು ಹಿಡಿದು ಕುಳಿತ ಕುಟುಂಬದ ಬಳಿಗೆ ಬರೋಣ. ತಂದೆಯವರೇ, ನೀವು ಕೋಣೆಯಲ್ಲಿ ಅಡಗಿ ಕೂರಬೇಕಾಗಿಲ್ಲ. ಕುತ್ತಿಗೆಯವರೆಗೆ ಗುಂಡಿ ಹಾಕಿದ ನಿಮ್ಮ ಶೇರ್ವಾನಿ, ಮಗನ ಮದುವೆಯಲ್ಲಿ ಧರಿಸಿದ್ದೇ ಸಾಕು, ಅದು ನಿಮ್ಮ ನಾಡಿನ ಔಪಚಾರಿಕ ಉಡುಪು. ಒಂದು ರಾತ್ರಿಗಾಗಿ ಸಾಲ ಮಾಡಿ ಸೂಟು ಹೊಲಿಸುವುದು ದುಂದುವೆಚ್ಚ. ಮೊಮ್ಮಗನಿಗೆ ಕಪ್ಪು ಕೋಟೇ ಬೇಕಿದ್ದರೆ ತೊಟ್ಟುಕೊಳ್ಳಲಿ. ಆದರೆ ಇಸ್ತ್ರಿ ಮಾಡಿ ತಂದುಕೊಡುವ, ತಟ್ಟೆ ಎತ್ತುವ ಹಡಗಿನ ಹುಡುಗನೊಂದಿಗೆ ಆ ಕೋಟಿನೊಳಗಿಂದ ಹೇಗೆ ಮಾತನಾಡುತ್ತಾನೆಂದು ಗಮನಿಸಿ. ಆ ಹುಡುಗ ನಮ್ಮ ಕಡೆಯವನೇ ಆಗಿದ್ದರೂ ಆಶ್ಚರ್ಯವಿಲ್ಲ. ಅಹಂಕಾರವೆಂದರೇನೆಂದು ಪ್ರವಾದಿವರ್ಯರು(ಸ) ವಿವರಿಸಿದ್ದು ಅಲ್ಲಿ ಅಳತೆಗೆ ಬರುತ್ತದೆ.

ಟಿಕೆಟ್ ಕಾದಿರಿಸುವಾಗಲೇ ಮಗ ಮೂರು ವಿಷಯಗಳನ್ನು ಬರೆದು ಕೇಳಲಿ: ನಮ್ಮ ಕುಟುಂಬಕ್ಕೆ ಪ್ರತ್ಯೇಕ ಮೇಜು ಸಿಗುವುದೇ, ಆ ಮೇಜಿಗೆ ಮದ್ಯವನ್ನಾಗಲಿ ಅದರ ಲೋಟಗಳನ್ನಾಗಲಿ ತಾರದಿರಲು ಸಾಧ್ಯವೇ, ಹಲಾಲ್ ಊಟದ ವ್ಯವಸ್ಥೆಯಿದೆಯೇ. ಹಲವು ಸಂಸ್ಥೆಗಳು ಇಂತಹ ಕೋರಿಕೆಗಳನ್ನು ಮುಂಗಡವಾಗಿ ತಿಳಿಸುವಂತೆ ಹೇಳುತ್ತವೆ. ಆಗದೆಂದು ಉತ್ತರ ಬಂದರೆ ಬೇಸರ ಬೇಡ. ಔಪಚಾರಿಕ ರಾತ್ರಿಯಲ್ಲೂ ತಾವೇ ಬಡಿಸಿಕೊಂಡು ಉಣ್ಣುವ ಇನ್ನೊಂದು ಊಟದ ಸಾಲೆ ತೆರೆದಿರುತ್ತದೆ. ಅಲ್ಲಿ ಕೋಟಿನ ಕಡ್ಡಾಯವಿಲ್ಲ, ನಿಮ್ಮ ಮೇಜನ್ನು ನೀವೇ ಆರಿಸಿಕೊಳ್ಳಬಹುದು, ಬೇರೆ ಹಣವನ್ನೂ ಕೊಡಬೇಕಾಗಿಲ್ಲ. ಮಗ್ರಿಬ್ ಮುಗಿಸಿ, ಮನೆಮಂದಿಯೆಲ್ಲ ಒಟ್ಟಾಗಿ, ಕಿಟಕಿಯ ಪಕ್ಕದ ಮೇಜು ಹಿಡಿದು ಊಟಕ್ಕೆ ಕುಳಿತುಕೊಳ್ಳಿ.