ಕಟ್ಟುವ ಮುನ್ನ ಒಂದು ಗಣತಿ

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬರುವ ದಾರಿಯಲ್ಲಿ ಬಯಲುಗಳು ಒಂದೊಂದಾಗಿ ನಿವೇಶನಗಳಾಗುತ್ತಿವೆ. ಊರು ಬೆಳೆಯಬೇಕಾದುದೇ ಸರಿ. ಆದರೆ ಕಟ್ಟುವ ಮುನ್ನ ಆ ನೆಲದ ಗಿಡ, ಹುಳುಗಳನ್ನು ಎಣಿಸಬೇಕೆಂದರೆ ಹಲವರಿಗೆ ನಗು ಬಂದೀತು. ಈ ಎಣಿಕೆ ಏಕೆ ಬೇಕು, ಯಾವಾಗ ಮಾಡಬೇಕು ಎಂಬುದನ್ನು ಕಲಾ ವಿಭಾಗದ ವಿದ್ಯಾರ್ಥಿಯಾದ ನಾನು ತಿಳಿದಮಟ್ಟಿಗೆ ಇಲ್ಲಿ ಅರಿಕೆಮಾಡುತ್ತೇನೆ.

1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಆರಂಭವಾದಾಗ ಅದರ ಕುಲುಮೆ ಉರಿದುದು ಮಲೆನಾಡಿನ ಮರಗಳ ಇದ್ದಿಲಿನಿಂದ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ಶರಾವತಿಯ ಕಣಿವೆ ಮುಳುಗಿತು. ನಾಡಿಗೆ ಕಬ್ಬಿಣವೂ ಬೆಳಕೂ ದೊರೆತವು. ಕಾಮಗಾರಿಗೆ ಮುನ್ನ ಪರಿಸರದ ಮೇಲಿನ ಪರಿಣಾಮವನ್ನು ಪರಿಶೀಲಿಸಬೇಕೆಂಬ ಕಾನೂನು ಆಗ ಇರಲಿಲ್ಲ. ಅದು ಕಡ್ಡಾಯವಾದುದು 1994ರ ಅಧಿಸೂಚನೆಯಿಂದ; 2006ರಲ್ಲಿ ಅದರ ಸ್ಥಾನಕ್ಕೆ ಇನ್ನೊಂದು ಬಂತು. ಅದಾದರೂ ಪಟ್ಟಿಯಲ್ಲಿರುವ ದೊಡ್ಡ ಕಾಮಗಾರಿಗಳಿಗೆ ಮಾತ್ರ. ಸಣ್ಣ ಬಡಾವಣೆಗೆ ಅದರ ತಡೆಯಿಲ್ಲ.

ಎಣಿಸದಿದ್ದರೆ ಏನು ಕಳೆದೀತು? ಅದೇ ಶರಾವತಿ ಕೊಳ್ಳದಲ್ಲಿ, ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಜೌಗು ಕಾಡಿನಲ್ಲಿ ಒಂದು ಮರವುಂಟು. ಮಾವು, ಗೇರುಗಳ ಕುಟುಂಬಕ್ಕೆ ಸೇರಿದ್ದು. ವಿಜ್ಞಾನಿಗಳು ಅದನ್ನು ಹೊಸ ಜಾತಿಯೆಂದು ಗುರುತಿಸಿ ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಹೆಸರಿಟ್ಟುದು 2000ದಲ್ಲಿ. ಹುಲ್ಲಲ್ಲ, ಹುಳುವಲ್ಲ, ಒಂದು ಮರವೇ ಅಷ್ಟು ಕಾಲ ಶಾಸ್ತ್ರದ ಕಣ್ಣಿಗೆ ಬೀಳದೆ ನಿಂತಿದ್ದಿತಾದರೆ, ಮುಳುಗಿದ ಕಣಿವೆಯಲ್ಲಿ ಏನೇನಿತ್ತೆಂದು ಇಂದು ಯಾರು ಹೇಳಬಲ್ಲರು?

ಎಣಿಸುವ ಕ್ರಮ ಕಷ್ಟವಾದುದಲ್ಲ. ನೆಲದಲ್ಲಿ ಹಗ್ಗದಿಂದ ಚೌಕಗಳನ್ನು ಗುರುತಿಸಿ ಒಳಗಿನ ಗಿಡಗಳನ್ನೆಲ್ಲ ಬರೆದುಕೊಳ್ಳುವುದು. ಗೆರೆ ಹಿಡಿದು ನಡೆಯುತ್ತ ಚಿಟ್ಟೆಗಳನ್ನು ಎಣಿಸುವುದು. ರಾತ್ರಿ ಬಿಳಿಯ ಬಟ್ಟೆ ಕಟ್ಟಿ ದೀಪವಿಟ್ಟು, ಬಂದು ಕೂರುವ ಪತಂಗಗಳನ್ನು ನೋಡುವುದು. ಗಿಡಕ್ಕೂ ಹುಳುವಿಗೂ ಇರುವ ನಂಟನ್ನು ಮರೆಯಬಾರದು. ನಮ್ಮ ರಾಜ್ಯದ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್‌ನ ಮರಿಹುಳು ಈಶ್ವರಿಬಳ್ಳಿ ಮತ್ತು ಅದರ ಬಳಗದ ಬಳ್ಳಿಗಳ ಎಲೆಯನ್ನೇ ತಿಂದು ಬೆಳೆಯುತ್ತದೆ. ಬೇಲಿ ಸವರಿ ಬಳ್ಳಿ ಕಿತ್ತರೆ ಚಿಟ್ಟೆಯ ಸಂತಾನಕ್ಕೆ ನೆಲೆ ತಪ್ಪಿತು.

ಎಲ್ಲಕ್ಕಿಂತ ಮುಖ್ಯವಾದುದು ಕಾಲ. ಈ ಪಾಠ ನನಗಾದುದು ಮನೆಯಲ್ಲಿ. ಕಳೆದ ಬೇಸಗೆಯಲ್ಲಿ ನಮ್ಮೂರ ಜಂಬಿಟ್ಟಿಗೆ ಬಯಲನ್ನು ಸುತ್ತಿ ಬಂದು, “ಅಲ್ಲಿ ಏನೂ ಇಲ್ಲ” ಎಂದು ಪುಸ್ತಕದಲ್ಲಿ ಬರೆಯುತ್ತ ಕುಳಿತಿದ್ದೆ. ಅಕ್ಷರವರಿಯದ ನನ್ನ ಅವ್ವ ಕೇಳಿ, “ಮಳೆ ಬೀಳ್ಲಿ ತಡಿ ಮಗ, ಆಮೇಲೆ ಬರಿ” ಎಂದಳು. ಸೊಪ್ಪು ಕೊಯ್ಯಲು ಅಲ್ಲಿಗೆ ವರ್ಷಗಟ್ಟಲೆ ಹೋದವಳು ಅವಳು. ಆಷಾಢದಲ್ಲಿ ಅವಳೊಡನೆ ಹೋದೆ. ಗಡ್ಡೆಯಿಂದೆದ್ದ ನೆಲದ ಸೀತಾಳೆಗಳು ಹೂ ಬಿಟ್ಟಿದ್ದವು. ಎಲೆಯ ಅಂಟುಹನಿಯಲ್ಲಿ ಹುಳ ಹಿಡಿಯುವ ಪುಟ್ಟ ಗಿಡಗಳು ತೇವದ ನೆಲದಲ್ಲಿ ಕೆಂಪಗೆ ಹರಡಿದ್ದವು. ಬೇಸಗೆಯಲ್ಲಿ ನಾನು ಬರೆದ “ಇಲ್ಲ” ಎಂಬುದರ ಅರ್ಥ “ನನಗೆ ಕಾಣಲಿಲ್ಲ” ಎಂದಷ್ಟೇ!

2002ರ ಜೀವವೈವಿಧ್ಯ ಕಾಯಿದೆಯಂತೆ ಸ್ಥಳೀಯ ಸಮಿತಿಗಳು ಜನತಾ ಜೀವವೈವಿಧ್ಯ ದಾಖಲೆಯನ್ನು ಬರೆದಿಡಬೇಕು. ನಮ್ಮ ಕಾಲೇಜಿನ ಮಿತ್ರರು ತಮ್ಮ ತಮ್ಮ ಊರಿನ ಒಂದೊಂದು ಬಯಲನ್ನು ಮೂರು ಕಾಲಗಳಲ್ಲೂ ನೋಡಿ, ಹಿರಿಯರನ್ನು ಕೇಳಿ ಬರೆದುಕೊಟ್ಟರೆ ಆ ದಾಖಲೆ ತುಂಬೀತು. ಕಟ್ಟಡ ಒಂದು ಮಳೆಗಾಲ ಕಾಯಬಲ್ಲದು. ಕಿತ್ತ ಗಡ್ಡೆ ಮತ್ತೆ ಚಿಗುರಲಾರದು. ಅಧ್ಯಾಪಕರು ಈ ಕಾರ್ಯಕ್ಕೆ ಮುಂದಾಳುಗಳಾಗಬೇಕೆಂದು ನನ್ನ ವಿನಂತಿ.