ಸುಮ್ಮನೆ ಸಿಕ್ಕ ಏಲಕ್ಕಿಯ ಬೆಲೆ

ಏಲಕ್ಕಿ ನಮ್ಮ ಮನೆಗೆ ಬಂದದ್ದು ಒಂದು ರೂಪಾಯಿ ಖರ್ಚಿಲ್ಲದೆ. ಮೈಸೂರು ಬಿಟ್ಟು ಪುಣೆಗೆ ಹೊರಟಿದ್ದ ಪರಿಚಯದ ಕುಟುಂಬವೊಂದು ತಮ್ಮ ಗಿನಿ ಪಿಗ್‌ಗೆ ಮನೆ ಹುಡುಕುತ್ತಿತ್ತು. ಆರು ತಿಂಗಳ ಹೆಣ್ಣು, ತಿಳಿಕಂದು ಮೈ, ಹಣೆಯ ಮೇಲೊಂದು ಬಿಳಿ ಸುಳಿ. ನಮ್ಮಲ್ಲಿ ಆಗಲೇ ಮೆಂತ್ಯ, ಸಾಸಿವೆ ಇಬ್ಬರಿದ್ದರು. ಹೆಸರೆಲ್ಲ ಅಡುಗೆಮನೆಯ ಡಬ್ಬಿಗಳಿಂದಲೇ ಬರಬೇಕೆಂಬುದು ಮಗಳ ನಿಯಮ. “ಸುಮ್ನೆ ಕೊಡ್ತಾ ಇದ್ದಾರಲ್ಲ, ಕರ್ಕೊಂಡ್ ಬಾರಮ್ಮ” ಎಂದರು ಅತ್ತೆ. ಆ ರಾತ್ರಿ ನಾನು ಲೆಕ್ಕದ ಪುಸ್ತಕ ತೆಗೆದು ಕುಳಿತೆ.

ಇಬ್ಬರಿಗೆ ತಿಂಗಳಿಗೆ ಒಣಹುಲ್ಲು 900 ರೂಪಾಯಿ, ಸೊಪ್ಪು ತರಕಾರಿ 600, ಪೆಲೆಟ್ 250. ಒಟ್ಟು 1,750. ಮೂವರಾದರೆ ಅದೇ 1,300, 850, 350 ಆಗುತ್ತದೆ, ಒಟ್ಟು 2,500. ವ್ಯತ್ಯಾಸ 750. ವರ್ಷಕ್ಕೆ 9,000. ಗಿನಿ ಪಿಗ್ ಸಾಮಾನ್ಯವಾಗಿ ಐದರಿಂದ ಏಳು ವರ್ಷ ಬದುಕುತ್ತದೆ. ಇನ್ನು ಐದೇ ವರ್ಷ ಎಂದುಕೊಂಡರೂ, ಬೆಲೆ ಏರುವುದೇ ಇಲ್ಲ ಎಂದುಕೊಂಡರೂ 45,000 ರೂಪಾಯಿ. ಇದರಲ್ಲಿ ವೈದ್ಯರ ಲೆಕ್ಕ ಸೇರಿಲ್ಲ.

ಈ ಖರ್ಚಿನಲ್ಲಿ ಕಡಿತ ಮಾಡಬಹುದಾದದ್ದು ತೀರಾ ಸ್ವಲ್ಪ. ಗಿನಿ ಪಿಗ್‌ನ ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ. ದಿನವಿಡೀ ಒಣಹುಲ್ಲು ಅಗಿಯುತ್ತಿದ್ದರೆ ಮಾತ್ರ ಅದು ಸವೆದು ಹದದಲ್ಲಿರುತ್ತದೆ. ನಮ್ಮ ಹಾಗೆಯೇ ಅವುಗಳ ದೇಹವೂ ಸಿ ವಿಟಮಿನ್ ತಯಾರಿಸಿಕೊಳ್ಳಲಾರದು, ಆದ್ದರಿಂದ ದಪ್ಪ ಮೆಣಸಿನಕಾಯಿ, ಕೊತ್ತಂಬರಿಯಂಥದ್ದು ದಿನವೂ ಬೇಕು. ನಾನು ಕಂಡುಕೊಂಡ ಉಳಿತಾಯ ಒಂದೇ: ಆಮದಾಗುವ ತಿಮೊಥಿ ಹುಲ್ಲಿನ ಜೊತೆಗೆ ದೇವರಾಜ ಮಾರುಕಟ್ಟೆಯ ಗರಿಕೆ. ಗೌರಿ ಗಣೇಶ ಹಬ್ಬದ ವಾರ ಅದರ ಬೆಲೆಯೂ ಏರುತ್ತದೆ, ಆಗ ಮನೆಯ ಹಿಂದಿನ ಕುಂಡಗಳಲ್ಲಿ ಬೆಳೆದದ್ದು ನೆರವಿಗೆ ಬರುತ್ತದೆ.

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೂ ಏಲಕ್ಕಿಯನ್ನು ತಂದೆ. ಮೆಂತ್ಯಳಿಗೆ ಆಗಲೇ ಐದು ವರ್ಷ. ಅವಳು ಹೋದರೆ ಸಾಸಿವೆ ಒಂಟಿ. ಆಂಡೀಸ್ ಬೆಟ್ಟಗಳಲ್ಲಿ ಸಾವಿರಾರು ವರ್ಷಗಳ ಹಿಂದೆ ಮನುಷ್ಯರು ಸಾಕಿಕೊಂಡ ಈ ಪ್ರಾಣಿಯದು ಗುಂಪಿನ ಬದುಕು. ಒಂಟಿಯಾದ ಗಿನಿ ಪಿಗ್ ಮಂಕಾಗಿ ಮೂಲೆ ಹಿಡಿಯುವುದನ್ನು ಸಾಕಿದವರೆಲ್ಲ ಬಲ್ಲರು. ಸ್ವಿಟ್ಜರ್ಲೆಂಡ್ 2008ರಿಂದ ಒಂದೇ ಗಿನಿ ಪಿಗ್ ಸಾಕುವುದನ್ನು ಕಾನೂನಿನಲ್ಲೇ ತಡೆದಿದೆ. ಜೊತೆಗಾತಿ ಸತ್ತು ಒಂದೇ ಉಳಿದವರಿಗಾಗಿ ಅಲ್ಲಿ ಗಿನಿ ಪಿಗ್‌ಗಳನ್ನು ಬಾಡಿಗೆಗೆ ಕೊಡುವ ಏರ್ಪಾಡೂ ಹುಟ್ಟಿಕೊಂಡಿತು. ಮೊದಲ ಸಲ ಓದಿದಾಗ ವಿಚಿತ್ರ ಎನ್ನಿಸಿದ್ದು, ಈಗ ತುಂಬಾ ವಿವೇಕದ್ದು ಎನ್ನಿಸುತ್ತದೆ.

ಹೊಸಬಳನ್ನು ತರುವುದು ಒಂದು, ಹಳಬರೊಡನೆ ಸೇರಿಸುವುದು ಇನ್ನೊಂದು. ಈ ವ್ಯತ್ಯಾಸವನ್ನು ನಾನು ದುಡ್ಡು ಕೊಟ್ಟು ಕಲಿತಿದ್ದೇನೆ. ಮೂರು ವರ್ಷದ ಹಿಂದೆ ಸಾಸಿವೆಯನ್ನು ಅಂಗಡಿಯೊಂದರಿಂದ 800 ರೂಪಾಯಿಗೆ ಕೊಂಡು ತಂದವಳು, ಅದೇ ಸಂಜೆ, ಆಗ ನಮ್ಮಲ್ಲಿದ್ದ ಜೀರಿಗೆ, ಮೆಂತ್ಯರ ಗೂಡಿಗೆ ಬಿಟ್ಟುಬಿಟ್ಟೆ. ಇನ್ನೊಂದು ಗೂಡಿಗೆ ಯಾಕೆ ಖರ್ಚು ಎಂಬುದೇ ನನ್ನ ಯೋಚನೆಯಾಗಿತ್ತು. ಹತ್ತು ದಿನಕ್ಕೆ ಸಾಸಿವೆಯ ಮೂಗಿನ ಪಕ್ಕ ಕೂದಲುದುರಿ ಹೊಟ್ಟಿನಂಥ ಚರ್ಮ ಕಾಣಿಸಿತು. ಆಮೇಲೆ ಜೀರಿಗೆಯ ಕಿವಿ, ಮೆಂತ್ಯಳ ಬೆನ್ನು. ಒಂದು ದಿನ ಮಗಳು ಮುಂಗೈ ತೋರಿಸಿದಳು, ಕೆಂಪನೆಯ ಉಂಗುರ. ಹುಳುಕಡ್ಡಿ. ಪ್ರಾಣಿಯಿಂದ ಮನುಷ್ಯರಿಗೂ ಹರಡುವ ಚರ್ಮರೋಗ ಅದು.

ಆ ಪುಟ ಇನ್ನೂ ಪುಸ್ತಕದಲ್ಲಿದೆ. ಮೂವರ ತಪಾಸಣೆಗೆ 1,850. ಆರು ವಾರದ ಔಷಧಿಗೆ 3,200. ಮಗಳ ಚರ್ಮವೈದ್ಯರಿಗೂ ಮುಲಾಮಿಗೂ 1,100. ಮರದ ಗೂಡು, ಹಾಸುಬಟ್ಟೆಗಳನ್ನೆಲ್ಲ ಎಸೆದು ಹೊಸದು ತಂದದ್ದಕ್ಕೆ 1,400. ಒಟ್ಟು 7,550 ರೂಪಾಯಿ. ಅಷ್ಟು ದಿನ ಮೂರೂ ಜೀವಗಳು ಔಷಧಿಯ ಸ್ನಾನಕ್ಕೆ ಹೆದರಿ ಕಿರುಚಿದ್ದನ್ನು ಯಾವ ಕಾಲಮ್ಮಿನಲ್ಲಿ ಬರೆಯಲಿ?

ಹಾಗಾಗಿ ಏಲಕ್ಕಿಗೆ ಮೂರು ವಾರ ಕ್ವಾರಂಟೈನ್. ಮಹಡಿಯ ಕೋಣೆಯಲ್ಲಿ ದೊಡ್ಡ ಪ್ಲಾಸ್ಟಿಕ್ ಟಬ್ಬು, 650 ರೂಪಾಯಿ. ನೀರಿನ ಬಾಟಲಿ 180. ವೈದ್ಯರ ತಪಾಸಣೆ 600. ಬೇರೆಯಾಗಿಟ್ಟ ಹುಲ್ಲು 450. ಎಲ್ಲ ಸೇರಿ 1,880. ಮೊದಲು ಹಳಬರಿಗೆ ಊಟ, ಆಮೇಲೆ ಹೊಸಬಳಿಗೆ, ಆಮೇಲೆ ಸೋಪಿನಿಂದ ಕೈ ತೊಳೆಯುವುದು. ಈ ಕ್ರಮ ಒಂದು ದಿನವೂ ತಪ್ಪಲಿಲ್ಲ.

ತಪಾಸಣೆಯ 600 ರೂಪಾಯಿ ಯಾಕೆಂದು ಅತ್ತೆ ಕೇಳಿದರು, ನೋಡಲು ಆರೋಗ್ಯವಾಗಿಯೇ ಇದ್ದಾಳಲ್ಲ ಎಂದು. ಕಾರಣ ಎರಡು. ಮೈಯಲ್ಲಿ ನುಸಿ, ಎದೆಯಲ್ಲಿ ಸೋಂಕು ಇದೆಯೇ ಎಂದು ನೋಡುವುದು ಒಂದು. ಹೆಣ್ಣು ಎಂದು ಕೊಟ್ಟದ್ದು ನಿಜವಾಗಿ ಹೆಣ್ಣೇ ಎಂದು ಖಚಿತಪಡಿಸಿಕೊಳ್ಳುವುದು ಇನ್ನೊಂದು. ಗಿನಿ ಪಿಗ್‌ನಲ್ಲಿ ಗಂಡು ಹೆಣ್ಣು ಗುರುತಿಸುವುದು ಸುಲಭವಲ್ಲ. ಇವುಗಳ ಗರ್ಭಾವಧಿ 59ರಿಂದ 72 ದಿನ; ಹೆತ್ತ ಕೆಲವೇ ಗಂಟೆಗಳಲ್ಲಿ ತಾಯಿ ಮತ್ತೆ ಗರ್ಭ ಧರಿಸಬಲ್ಲಳು. ಒಂದು ತಪ್ಪು ಗುರುತಿನಿಂದ ಮೂರು ಜೀವದ ಮನೆ ವರ್ಷದೊಳಗೆ ಎಷ್ಟಕ್ಕೆ ಏರಬಹುದು ಎಂದು ಊಹಿಸಿ. ವಯಸ್ಸಾದ ಮೇಲೆ ಮೊದಲ ಸಲ ಬಸಿರಾದ ಹೆಣ್ಣಿಗೆ ಹೆರಿಗೆಯೇ ಪ್ರಾಣಾಪಾಯ. ಗಂಡೇ ಆಗಿದ್ದರೆ ಸಂತಾನಹರಣದ ಶಸ್ತ್ರಚಿಕಿತ್ಸೆ ಮಾಡಿಸಿ, ಅದರ ನಂತರವೂ ಆರು ವಾರ ಬೇರೆ ಇಡಬೇಕಿತ್ತು. ಅದೃಷ್ಟಕ್ಕೆ ಏಲಕ್ಕಿ ಹೆಣ್ಣೇ.

ಸೇರಿಸುವ ದಿನದ ಖರ್ಚು ಸೊನ್ನೆ. ಯಾರ ಜಾಗವೂ ಅಲ್ಲದ ಕಡೆ ಭೇಟಿಯಾಗಬೇಕು, ಅದಕ್ಕೇ ಭಾನುವಾರ ಬೆಳಿಗ್ಗೆ ಹಾಲಿನಲ್ಲಿ ಹಳೆಯ ಜಮಖಾನ ಹಾಸಿದೆವು. ಕಿರಾಣಿ ಅಂಗಡಿಯಿಂದ ತಂದ ರಟ್ಟಿನ ಡಬ್ಬಗಳಿಗೆ ಎರಡೆರಡು ಬಾಗಿಲು ಕತ್ತರಿಸಿದೆವು. ಒಂದೇ ಬಾಗಿಲಿದ್ದರೆ ಒಳಗೆ ನುಗ್ಗಿದವಳನ್ನು ಇನ್ನೊಬ್ಬಳು ಅಡ್ಡಗಟ್ಟಿ ನಿಲ್ಲುತ್ತಾಳೆ. ನಡುವೆ ಗರಿಕೆಯ ದೊಡ್ಡ ರಾಶಿ, ನಾಲ್ಕು ಕಡೆ ಕೊತ್ತಂಬರಿ. ಮೂವರನ್ನೂ ಒಟ್ಟಿಗೆ ಬಿಟ್ಟು ಗೋಡೆಗೊರಗಿ ಕುಳಿತೆ, ತೊಡೆಯ ಮೇಲೆ ದಪ್ಪ ಟವೆಲ್. ಜಗಳಕ್ಕೆ ಬರಿಗೈ ಹಾಕಿದರೆ ಕಚ್ಚಿಸಿಕೊಳ್ಳುವುದು ಖಂಡಿತ.

ಮೆಂತ್ಯ ಮೊದಲು ಬಂದಳು. ಗಂಟಲಲ್ಲಿ ಗುರ್ ಎನ್ನುತ್ತಾ, ಹಿಂಭಾಗವನ್ನು ಅತ್ತಿತ್ತ ತೂಗುತ್ತಾ ಏಲಕ್ಕಿಯ ಸುತ್ತ ನಡೆದಳು. ಏಲಕ್ಕಿ ಹಲ್ಲು ಕಟಕಟಿಸಿದಳು. ಸಾಸಿವೆ ಅಟ್ಟಿಸಿಕೊಂಡು ಹೋದಳು, ಮೂತಿ ಮೇಲೆತ್ತಿ ನಿಂತಳು, ಬೆನ್ನ ಮೇಲೆ ಹತ್ತಲು ನೋಡಿದಳು. ಏಲಕ್ಕಿ ಕೀರಲು ದನಿಯಲ್ಲಿ ಕೂಗಿಕೊಂಡಾಗ ಅತ್ತೆ ಎದ್ದೇ ನಿಂತರು. “ಅಯ್ಯೋ, ಎತ್ಕೊಳ್ಳೇ ಅದನ್ನ!” ನಾನು ಎತ್ತಿಕೊಳ್ಳಲಿಲ್ಲ. ಯಾರು ಹಿರಿಯಳು ಎಂದು ಅವರವರೇ ತೀರ್ಮಾನಿಸಿಕೊಳ್ಳುವ ಬಗೆ ಇದು. ರಕ್ತ ಬಂದರೆ, ಇಬ್ಬರೂ ಉಂಡೆಯಾಗಿ ಹೊರಳಾಡಿದರೆ ಮಾತ್ರ ಬಿಡಿಸಬೇಕು. ಕನಿಕರಪಟ್ಟು ನಡುವೆ ಬಿಡಿಸಿದರೆ ನಾಳೆ ಎಲ್ಲವೂ ಮೊದಲಿಂದ. ಒಂದೂವರೆ ಗಂಟೆಯ ಮೇಲೆ ಮೂವರೂ ಗರಿಕೆಯ ರಾಶಿಗೆ ಬಾಯಿ ಹಾಕಿದರು, ಒಬ್ಬೊಬ್ಬರು ಒಂದೊಂದು ದಿಕ್ಕಿನಿಂದ. ಮಧ್ಯಾಹ್ನದ ಹೊತ್ತಿಗೆ ಏಲಕ್ಕಿ ಕಾಲು ಚಾಚಿ ಮಲಗಿದ್ದಳು.

ಅಷ್ಟರಲ್ಲಿ ಹಳೆಯ ಗೂಡನ್ನು ವಿನೆಗರ್ ಹಾಕಿ ತೊಳೆದು, ಒಳಗಿನ ಸಾಮಾನುಗಳ ಜಾಗ ಬದಲಿಸಿದೆವು, ಹಳಬರಿಗೂ ಅದು ಹೊಸ ಮನೆ ಎನ್ನಿಸಲೆಂದು. ನೀರು ಎರಡು ಕಡೆ, ಹುಲ್ಲು ಮೂರು ಕಡೆ. ಮೊದಲ ರಾತ್ರಿ ನಾನು ಪಕ್ಕದಲ್ಲೇ ಮಲಗಿದೆ.

ಈ ಎಲ್ಲದರಲ್ಲಿ ನಾನು ಕೊಂಡ ಅತ್ಯುತ್ತಮ ವಸ್ತು 400 ರೂಪಾಯಿಯ ಅಡುಗೆಮನೆ ತಕ್ಕಡಿ. ಗುಂಪಿನಲ್ಲಿ ಯಾರನ್ನಾದರೂ ಊಟಕ್ಕೆ ಬಿಡದೆ ಕಾಡುತ್ತಿದ್ದರೆ ಕಣ್ಣಿಗೆ ಕಾಣದಿರಬಹುದು, ತೂಕದಲ್ಲಿ ಕಾಣುತ್ತದೆ. ಕಾಯಿಲೆಯೂ ಹಾಗೆಯೇ. ಗಿನಿ ಪಿಗ್ ನೋವನ್ನು ಮುಚ್ಚಿಡುತ್ತದೆ, ತಿನ್ನುವುದು ನಿಲ್ಲಿಸಿದರೆ ಒಂದೇ ದಿನದಲ್ಲಿ ಪರಿಸ್ಥಿತಿ ಕೈಮೀರುತ್ತದೆ. ತಕ್ಕಡಿಯನ್ನು ನಾನು ಜೀರಿಗೆ ಹೋದ ಮೇಲೆ ಕೊಂಡದ್ದು.

ಜೀರಿಗೆಗೆ ಮೂತ್ರಕೋಶದಲ್ಲಿ ಕಲ್ಲು. ಅಗ್ಗ ಎಂದು ನಾನು ವರ್ಷಗಟ್ಟಲೆ ಕುದುರೆ ಮಸಾಲೆ ಹುಲ್ಲು ಹಾಕುತ್ತಿದ್ದೆ. ಮರಿಗಳಿಗೆ ಒಳ್ಳೆಯದಾದ ಅದರ ಸುಣ್ಣದ ಅಂಶ ಬೆಳೆದವುಗಳಿಗೆ ಹೆಚ್ಚಾಗುತ್ತದೆ. ಕಲ್ಲಿಗೆ ಅದೇ ಕಾರಣ ಎಂದು ವೈದ್ಯರು ಹೇಳಲಿಲ್ಲ, ಆದರೆ ಅಂದಿನಿಂದ ಅದನ್ನು ತರುವುದು ನಿಲ್ಲಿಸಿದೆ. ಶನಿವಾರ ಸಂಜೆ ಎಕ್ಸ್‌ರೇ ನೋಡಿ, ಶಸ್ತ್ರಚಿಕಿತ್ಸೆಗೆ 14,000 ರೂಪಾಯಿ ಆಗುತ್ತದೆ ಎಂದರು. ಪ್ರಾಣಿಗಳಿಗೆಂದೇ ನಾನು ಅಂಚೆ ಕಚೇರಿಯಲ್ಲಿ ತಿಂಗಳಿಗೆ 500ರ ಆರ್‌ಡಿ ಕಟ್ಟುತ್ತಿದ್ದೆ, 14 ಕಂತು ಮುಗಿದಿತ್ತು. ಐದು ವರ್ಷದ ಆ ಖಾತೆಯನ್ನು ಮೂರು ವರ್ಷಕ್ಕೆ ಮೊದಲು ಮುಚ್ಚುವಂತಿಲ್ಲ. 12 ಕಂತಿನ ನಂತರ ಸಾಲ ಸಿಗುತ್ತದೆ, ಇದ್ದದ್ದರ ಅರ್ಧ. ನನ್ನ 7,000ಕ್ಕೆ 3,500. ಅದಕ್ಕೂ ಸೋಮವಾರ ಬಾಗಿಲು ತೆರೆಯಬೇಕು. ಭಾನುವಾರ ರಾತ್ರಿ ಅಣ್ಣ ಹಣ ಕಳಿಸಿದ. ಸೋಮವಾರ ಶಸ್ತ್ರಚಿಕಿತ್ಸೆ ಆಯಿತು, ಜೀರಿಗೆ ಏಳಲಿಲ್ಲ. ಎರಡು ದಿನ ಮೊದಲಾಗಿದ್ದರೆ ಉಳಿಯುತ್ತಿದ್ದಳೇ ಎಂದು ವೈದ್ಯರು ಹೇಳಲಿಲ್ಲ, ಕೇಳುವ ಧೈರ್ಯ ನನಗೂ ಬರಲಿಲ್ಲ.

ಆರ್‌ಡಿಯಲ್ಲಿ ತಪ್ಪೇನಿಲ್ಲ, ಮಗಳ ಕಾಲೇಜಿಗೆ ಅದನ್ನೇ ಕಟ್ಟುತ್ತಿದ್ದೇನೆ. ಆದರೆ ರಾತ್ರಿ ಹತ್ತಕ್ಕೆ ಬೇಕಾಗುವ ಹಣ ಇರಬೇಕಾದ ಜಾಗ ಅದಲ್ಲ. ಪ್ರಾಣಿಗಳ ವಿಮೆಯ ಬಗ್ಗೆ ನಾನು ವಿಚಾರಿಸಿದ ಕಡೆಯೆಲ್ಲ ನಾಯಿಗೆ ಇತ್ತು, ಗಿನಿ ಪಿಗ್‌ಗೆ ಇರಲಿಲ್ಲ. ಈಗ ಬೇರೆಯದೇ ಒಂದು ಉಳಿತಾಯ ಖಾತೆ ತೆರೆದಿದ್ದೇನೆ, ಅದರ ಎಟಿಎಂ ಕಾರ್ಡು ಹುಲ್ಲಿನ ಡಬ್ಬದ ಪಕ್ಕದಲ್ಲೇ ಇರುತ್ತದೆ. ತಲೆಗೆ 250ರಂತೆ ತಿಂಗಳಿಗೆ 750 ರೂಪಾಯಿ ಅದಕ್ಕೆ ಹೋಗುತ್ತದೆ. ಬಡ್ಡಿ ಕಡಿಮೆ, ಗೊತ್ತು.

ಕೊನೆಯ ಪ್ರಶ್ನೆಯೊಂದು ಉಳಿದಿತ್ತು. ಒಬ್ಬಳು ಹೋದಾಗಲೆಲ್ಲ ಒಂಟಿಯಾದವಳಿಗೆ ಜೊತೆ ತರುತ್ತಾ ಹೋದರೆ ಈ ಸರಪಳಿಗೆ ಕೊನೆ ಎಲ್ಲಿ? ನಮ್ಮ ಬಡಾವಣೆಯಲ್ಲೇ ಗಿನಿ ಪಿಗ್ ಸಾಕಿರುವ ಗೆಳತಿಯೊಬ್ಬಳೊಂದಿಗೆ ಮಾತಾಡಿಕೊಂಡೆ. ಎರಡು ಮನೆಯಲ್ಲಿ ಯಾರ ಮನೆಯಲ್ಲಿ ಮೊದಲು ಒಬ್ಬಳೇ ಉಳಿಯುತ್ತಾಳೋ ಅವಳು ಇನ್ನೊಂದು ಮನೆಗೆ ಹೋಗಬೇಕು, ಮೂರು ವಾರದ ಕ್ವಾರಂಟೈನ್ ಮುಗಿಸಿ. ಆ ಮನೆಯ ಖಾತೆಯಲ್ಲಿ ಉಳಿದ ಹಣವೂ ಅವಳ ಜೊತೆಗೇ ಹೋಗಬೇಕು. ಇಬ್ಬರೂ ಇದನ್ನು ನಮ್ಮ ನಮ್ಮ ಲೆಕ್ಕದ ಪುಸ್ತಕದಲ್ಲಿ ಬರೆದು ಸಹಿ ಹಾಕಿಕೊಂಡಿದ್ದೇವೆ.